ಪದ್ಮಲದೇವಿಯ ಮೋಟಾರು ಗರಗಸ

“ಹೊಂಬೆಟ್ಟ ರಾಜ್ಯದ ಸಮಸ್ತ ಪ್ರಜೆಗಳೂ ಕೇಳತಕ್ಕದ್ದು! ಬಿರುಗಾಳಿಗೆ ಉರುಳಿದ ಹೆಮ್ಮರವೊಂದು ನಮ್ಮ ಕಣಿವೆದಾರಿಯನ್ನು ಮುಚ್ಚಿದೆ. ಕೊಡಲಿಗಳೆಲ್ಲ ಮುರಿದಿವೆ. ದಿವಂಗತ ಮಹಾರಾಣಿ ಪದ್ಮಲದೇವಿಯವರ ಮೋಟಾರು ಗರಗಸವೊಂದೇ ಅದನ್ನು ಕೊಯ್ಯಬಲ್ಲದು. ಅದಾದರೋ ಬಿಡಿಬಿಡಿಯಾಗಿ ಉಗ್ರಾಣದಲ್ಲಿ ಬಿದ್ದಿದೆ. ರಾಜಕುಮಾರಿ ಸೌಗಂಧಿಕೆಯವರ ಮೂರು ಒಗಟುಗಳನ್ನು ಬಿಡಿಸಿ, ಗರಗಸವನ್ನು ಜೋಡಿಸಿ ಓಡಿಸಿದವನಿಗೆ ರಾಜಕುಮಾರಿಯನ್ನು ಕೊಟ್ಟು ಮದುವೆ ಮಾಡಲಾಗುವುದು. ತಪ್ಪಿದವನ ತಲೆ ಹೋಗುವುದು!”

ಡಂಗುರದವನು ಮುಂದಿನ ಬೀದಿಗೆ ಹೋದ. ಗುಜರಿ ಆಯುವ ಬಸಲಿಂಗ ತನ್ನ ಗಾಡಿಯ ಮೇಲೆ ಕುಳಿತು ಯೋಚಿಸಿದ. ಕಣಿವೆ ತೆರೆಯದೆ ಅವನ ಗಾಡಿಗೆ ದಾರಿಯಿಲ್ಲ. ಆ ದಾರಿಯಿಂದಲೇ ಬರುತ್ತಿದ್ದ ಉಪ್ಪು ಮನೆಯಲ್ಲಿ ಮುಗಿದು ಎಷ್ಟೋ ದಿನವಾಗಿತ್ತು. ಮುರಿದ ಯಂತ್ರಗಳನ್ನು ಬಿಚ್ಚಿ ಜೋಡಿಸುವುದೊಂದೇ ಅವನಿಗೆ ಗೊತ್ತಿದ್ದ ವಿದ್ಯೆ. ಅವನು ಕೈಕಾಲು ತೊಳೆದು, ತಲೆ ಬಾಚಿ, ಒಗೆದ ಅಂಗಿ ತೊಟ್ಟು ಅರಮನೆಗೆ ಹೊರಟ. ಅಷ್ಟರ ಮಟ್ಟಿಗೆ ಅವನ ತಾಯಿ ಅವನನ್ನು ಚೆನ್ನಾಗಿಯೇ ಬೆಳೆಸಿದ್ದಳು.

ಸಭೆಯಲ್ಲಿ ಅವನಿಗಿಂತ ಮೊದಲೇ ಇಬ್ಬರು ನಿಂತಿದ್ದರು. ಒಬ್ಬ ಚಂಪಾನಗರದ ಯುವರಾಜ, ಇನ್ನೊಬ್ಬ ಶಾಲು ಹೊದ್ದ ಆಸ್ಥಾನ ಕವಿ.

“ಏನಯ್ಯಾ ಗುಜರಿ, ತಕ್ಕಡಿ ತಂದಿದ್ದೀಯಾ?” ಎಂದ ಯುವರಾಜ. “ನಮ್ಮ ತಲೆಗಳನ್ನು ತೂಕಕ್ಕೆ ಹಾಕಿಕೊಳ್ಳುವೆಯೇನು?”

“ನನ್ನದೂ ಅದೇ ತಕ್ಕಡಿಯಲ್ಲಿದೆ, ಸ್ವಾಮಿ,” ಎಂದ ಬಸಲಿಂಗ.

ರಾಜಕುಮಾರಿ ಬಂದು ಕುಳಿತಳು. ಹಿಂದೊಬ್ಬ ಬಡಾಯಿಗಾರ ಮಹಾರಾಜರ ಸ್ವಂತ ಗರಗಸವನ್ನು ಓಡಿಸಲು ಹೋಗಿ ಕೆಡಿಸಿಬಿಟ್ಟಿದ್ದ. ಅಂದಿನಿಂದ, ತಿಳಿಯದ ಕೈ ತಾಯಿಯ ಯಂತ್ರವನ್ನು ಮುಟ್ಟಕೂಡದೆಂದು ಅವಳು ಈ ಒಗಟುಗಳನ್ನು ಕಟ್ಟಿದ್ದಳು.

“ಮೊದಲನೆಯದು. ಅದಕ್ಕೆ ಮೈಯೆಲ್ಲ ಹಲ್ಲು, ಆದರೆ ಒಂದು ತುತ್ತೂ ನುಂಗುವುದಿಲ್ಲ. ಗಾಳಿಯಂತೆ ಓಡುತ್ತದೆ, ಆದರೆ ಹೊರಟಲ್ಲಿಗೇ ಬರುತ್ತದೆ. ಏನದು?”

ಕವಿ ಕಣ್ಣು ಮುಚ್ಚಿ, “ಕಾಲ, ತಾಯಿ! ಕಾಲಚಕ್ರವಲ್ಲದೆ ಮತ್ತೇನು?” ಎಂದ.

“ಕಾಲಕ್ಕೆ ಹಲ್ಲಿಲ್ಲ, ಕವಿಗಳೇ,” ಎಂದಳು ರಾಜಕುಮಾರಿ. ಭಟರು ಅವನನ್ನು ಸೆರೆಮನೆಗೆ ಕರೆದೊಯ್ದರು. ಅವನ ಶಾಲು ನೆಲದ ಮೇಲೆಯೇ ಉಳಿಯಿತು.

“ಗರಗಸದ ಸರಪಳಿ,” ಎಂದ ಬಸಲಿಂಗ. ಯುವರಾಜನೂ ಅವಸರವಾಗಿ ಅದನ್ನೇ ಹೇಳಿದ.

“ಎರಡನೆಯದು. ಇಬ್ಬರು ಗೆಳತಿಯರು. ಒಬ್ಬಳು ಉರಿಯುವವಳು, ಇನ್ನೊಬ್ಬಳು ನುಣುಪಿನವಳು. ಇಬ್ಬರೂ ಬೆರೆತು ಒಂದೇ ಬಾಗಿಲಿನಿಂದ ಬಂದರೆ ಮನೆ ಬಾಳುತ್ತದೆ. ಉರಿಯುವವಳೊಬ್ಬಳೇ ಬಂದರೆ ಮನೆ ಹಾಳು. ಯಾರವರು?”

ಈ ಸಲ ಯುವರಾಜ ಮುನ್ನುಗ್ಗಿದ. “ಅತ್ತೆ ಸೊಸೆ!”

ಸಭೆ ನಕ್ಕಿತು. ರಾಜಕುಮಾರಿ ನಗಲಿಲ್ಲ. ಯುವರಾಜನೂ ಕವಿಯ ದಾರಿ ಹಿಡಿದ.

“ಪೆಟ್ರೋಲು ಮತ್ತು ಎಣ್ಣೆ,” ಎಂದ ಬಸಲಿಂಗ. “ಈ ಯಂತ್ರಕ್ಕೆ ಎರಡನ್ನೂ ಬೆರೆಸಿಯೇ ಕುಡಿಸಬೇಕು. ಬರಿಯ ಪೆಟ್ರೋಲು ಹಾಕಿದರೆ ಒಳಗೆಲ್ಲ ಒಣಗಿ ಉಜ್ಜಿ ಕಚ್ಚಿಕೊಳ್ಳುತ್ತದೆ. ಮಹಾರಾಜರ ಗರಗಸ ಸತ್ತದ್ದೂ ಹಾಗೆಯೇ ಇರಬೇಕು.”

ಅವಳು ತಲೆಯಾಡಿಸಿ ಅವನನ್ನು ಉಗ್ರಾಣಕ್ಕೆ ಕರೆದೊಯ್ದಳು. ಮಹಾರಾಜ ಜಯಕೀರ್ತಿಯೂ ಮಂತ್ರಿಯೂ ಹಿಂದೆ ಬಂದರು. ಒಳಗೆ ಕೆಟ್ಟ ಗರಗಸಗಳು ರಾಶಿಯಾಗಿ ಬಿದ್ದಿದ್ದವು.

“ಮೂರನೆಯದು. ಇಲ್ಲಿ ಬಾಯಿಲ್ಲದ್ದೊಂದು ತನ್ನ ಒಡತಿ ಯಾರೆಂದು ಹೇಳುತ್ತದೆ. ಯಾವುದು, ಹೇಗೆ ಹೇಳುತ್ತದೆ?”

ರಾಶಿಯ ಮೇಲೆಯೇ ರಾಜಮುದ್ರೆಯ ಕೆಂಪು ಮುಚ್ಚಳದ ಗರಗಸ ಹೊಳೆಯುತ್ತಿತ್ತು. ಅದನ್ನು ತೋರಿಸಿದ್ದರೆ ಮುಗಿಯುತ್ತಿತ್ತು. ಬಸಲಿಂಗ ಅದನ್ನು ತಿರುಗಿಸಿ ನೋಡಿದ. ಮುಚ್ಚಳದ ತೂತುಗಳಿಗೂ ಒಡಲಿನ ತೂತುಗಳಿಗೂ ತಾಳೆಯಿರಲಿಲ್ಲ. ಯಾರೋ ತಂತಿ ಬಿಗಿದು ಕೂರಿಸಿದ್ದರು. ಅವನು ರಾಶಿ ಕೆದಕಿ, ಒಂದೊಂದೇ ಹಿಡಿಯ ಮೇಲೆ ಬೆರಳಾಡಿಸಿದ. ಮಸಿ ಬಳಿದ ಬೂದು ಒಡಲೊಂದು ಸಿಕ್ಕಿದಾಗ ಅವನ ಬೆರಳು ನಿಂತಿತು. ತಂತಿ ಬಿಚ್ಚಿ ಕೆಂಪು ಮುಚ್ಚಳವನ್ನು ಇಟ್ಟರೆ ತೂತುಗಳು ಅದಕ್ಕೆ ಸರಿಯಾಗಿ ಹೊಂದಿದವು.

“ಇದು.”

“ತಪ್ಪು,” ಎಂದಳು ರಾಜಕುಮಾರಿ. ಅವಳ ಧ್ವನಿ ಸಣ್ಣದಾಗಿತ್ತು. “ಮುದ್ರೆಯಿರುವುದೇ ನನ್ನ ತಾಯಿಯದು. ಚಿಕ್ಕಂದಿನಿಂದ ನನಗೆ ಅದನ್ನೇ ತೋರಿಸಿದ್ದಾರೆ.”

ಬಾಗಿಲಲ್ಲಿದ್ದ ತಲೆ ಕಡಿಯುವ ಭಟ ಒಂದು ಹೆಜ್ಜೆ ಮುಂದಿಟ್ಟ.

“ಅದರಲ್ಲಿ ಮುಚ್ಚಳ ಮಾತ್ರ ಮಹಾರಾಣಿಯವರದು, ತಾಯಿ,” ಎಂದ ಬಸಲಿಂಗ. “ಆ ಮುಚ್ಚಳ ಕೂರುವುದು ಈ ಒಡಲಿಗೇ. ಬೇರೆಲ್ಲ ಗರಗಸಗಳ ಹಿಂದಿನ ಹಿಡಿಯಲ್ಲೂ ಬಲಗೈಯ ಹೆಬ್ಬೆರಳು ಸವೆಸಿದ ಗುಳಿ ಎಡಮಗ್ಗುಲಿಗಿದೆ. ಇದರಲ್ಲಿ ಮಾತ್ರ ಬಲಮಗ್ಗುಲಿಗೆ. ಇದನ್ನು ದುಡಿಸಿದವರು ಎಡಚರು.”

ಮಂತ್ರಿ ಕೆಂಡವಾದ. “ನಾಲಗೆ ಬಿಗಿಹಿಡಿ! ಈ ವಂಶದಲ್ಲಿ ಎಡಗೈಯವರೇ? ಅದಕ್ಕಲ್ಲವೇ ನಾನು—”

ಅವನು ಅರ್ಧಕ್ಕೇ ತಡೆದುಕೊಂಡ. ಎಲ್ಲರೂ ನೆಲ ನೋಡಿದರು. ಬಸಲಿಂಗ ಮಹಾರಾಜರನ್ನು ನೋಡಿದ. ಅವನ ತಲೆ ಈಗ ಆ ಒಬ್ಬರ ಮಾತಿನ ಮೇಲೆ ನಿಂತಿತ್ತು.

ಮಹಾರಾಜ ಮುಂದೆ ಬಂದು ಬೂದು ಒಡಲಿನ ಹಿಡಿಯನ್ನು ಮುಟ್ಟಿದ.

“ಎಡಚಿಯೇ,” ಎಂದ. “ಜನರೆದುರಿಗೆ ಆರತಿಯನ್ನು ಮಾತ್ರ ಬಲಗೈಯಲ್ಲಿ ಎತ್ತುತ್ತಿದ್ದಳು. ಕಾಡಿನೊಳಗೆ ಹೋದರೆ ಅವಳನ್ನು ತಡೆಯುವವರಿರಲಿಲ್ಲ. ಅಪಶಕುನವೆನ್ನುತ್ತಾರೆಂದು ಮುಚ್ಚಳ ಬದಲಿಸಿ ನಾವೇ ಮುಚ್ಚಿಟ್ಟೆವು, ಮಗಳೇ. ನಿನಗೂ ಹೇಳಲಿಲ್ಲ.”

ಸೌಗಂಧಿಕೆ ಕೈಸನ್ನೆ ಮಾಡಿದಳು. ತಲೆ ಕಡಿಯುವ ಭಟ ಹಿಂದೆ ಸರಿದ.

ಬಸಲಿಂಗ ಕೆಲಸಕ್ಕೆ ಕುಳಿತ. ಸರಪಳಿ ಸುತ್ತುವ ಉದ್ದನೆಯ ಅಲಗು ಒಂದರಿಂದ, ಎಳೆಯುವ ಹಗ್ಗ ಇನ್ನೊಂದರಿಂದ, ಕಿಡಿ ಹಾರಿಸುವ ಪ್ಲಗ್ಗು ಮತ್ತೊಂದರಿಂದ ಬಂತು. ಕಾರ್ಬುರೇಟರಿನ ಕಸವನ್ನು ತೊಳೆದು ತೆಗೆದ, ಸರಪಳಿಯ ಹಲ್ಲುಗಳನ್ನು ಅರದಿಂದ ಚೂಪು ಮಾಡಿದ, ಕೆಂಪು ಮುಚ್ಚಳವನ್ನು ಅದರ ಜಾಗದಲ್ಲಿಟ್ಟು ತಿರುಪು ಬಿಗಿದ. ಎಣ್ಣೆ ಬೆರೆಸಿದ ಪೆಟ್ರೋಲು ತುಂಬಿ ಹಗ್ಗ ಎಳೆದಾಗ ಯಂತ್ರ ಕೆಮ್ಮಿತು, ಸತ್ತಿತು, ಮತ್ತೆ ಕೆಮ್ಮಿ, ಇದ್ದಕ್ಕಿದ್ದಂತೆ ಅರಮನೆಯ ಪಾರಿವಾಳಗಳೆಲ್ಲ ಹಾರುವಂತೆ ಗರ್ಜಿಸಿತು.

“ಏನು ಬೇಕು ಕೇಳು,” ಎಂದ ಮಹಾರಾಜ.

“ಮೊದಲು ಆ ಇಬ್ಬರನ್ನು ಬಿಡಿಸಿ, ಪ್ರಭು. ಒಗಟು ತಪ್ಪುವುದು ತಲೆ ಹೋಗುವಂಥ ತಪ್ಪೇನಲ್ಲ. ಇವತ್ತು ರಾಜಕುಮಾರಿಯವರದೂ ತಪ್ಪಿತಲ್ಲ?”

ಸೌಗಂಧಿಕೆ ಈಗ ನಕ್ಕಳು. “ಗರಗಸ ಹಿಡಿಯುವುದನ್ನು ನನಗೆ ಕಲಿಸುವೆಯಾ?” ಎಂದಳು. “ಮದುವೆಯ ಮಾತು ಮರ ಕೊಯ್ದ ಮೇಲೆ.”

ಮಾರನೆಯ ದಿನ ಕಣಿವೆಯಲ್ಲಿ ಊರೆಲ್ಲ ನೆರೆಯಿತು. ರಾಜಕುಮಾರಿ ಸೆರಗು ಬಿಗಿದು ಸಿಕ್ಕಿಸಿದಳು. ಹಿಂದಿನ ಹಿಡಿಗೆ ಬಲಗೈ ಚಾಚಿ, ತಡೆದು, ಸಮಸ್ತ ಪ್ರಜೆಗಳ ಎದುರಿಗೆ ಎಡಗೈಯನ್ನು ಇಟ್ಟಳು. ಹೆಬ್ಬೆರಳು ಗುಳಿಯಲ್ಲಿ ತಾನಾಗಿಯೇ ಕುಳಿತಿತು. ಬಸಲಿಂಗ ಹಗ್ಗ ಎಳೆದ. ಸಂಜೆಯ ಹೊತ್ತಿಗೆ ಉಪ್ಪಿನ ಗಾಡಿಗಳು ಬಂದವು.