ಹಸು ಯಾರ ಅಂಗಳದಲ್ಲಿತ್ತು

"ಗುರುಗಳೇ, ಒಂದೇ ಬಾವಿಯ ನೀರು ಕುಡಿದು ಬೆಳೆದವರು ಒಬ್ಬರನ್ನೊಬ್ಬರು ಕೊಲ್ಲುವಷ್ಟು ದ್ವೇಷ ಎಲ್ಲಿಂದ ಬರುತ್ತದೆ? ಅದು ಹುಟ್ಟುತ್ತಲೇ ಬರುತ್ತದೆಯೇ?"

ಕೇಳಿದವನು ಶಿಷ್ಯ ಮರುಳಪ್ಪ. ಪಕ್ಕದ ಊರಿನಲ್ಲಿ ಗಲಭೆಯಾಗಿ ಅಂಗಡಿಗಳು ಸುಟ್ಟುಹೋಗಿದ್ದವು. ಅಲ್ಲಿಂದ ಓಡಿಬಂದ ಒಬ್ಬ ಮನುಷ್ಯ ಬೆಳಿಗ್ಗೆ ಮಠದ ಬಾಗಿಲಲ್ಲಿ ನಿಂತು ಅನ್ನ ಕೇಳಿದ್ದ. ಮರುಳಪ್ಪ ಅವನನ್ನು ಅದೂ ಇದೂ ವಿಚಾರಿಸಿ, ಹೊರಗಿನ ಜಗಲಿಯ ಮೇಲೆ ಕೂರಿಸಿ ಒಳಗೆ ಬಂದಿದ್ದ. ಅವನನ್ನು ಹುಡುಕಿಕೊಂಡು ಇನ್ಯಾರಾದರೂ ಬಂದಾರೆಂದು ಶಿಷ್ಯನಿಗೆ ಭಯ. ಗುರುಗಳು ಮೊರ ಮುಂದಿಟ್ಟುಕೊಂಡು ಸೊಪ್ಪು ಬಿಡಿಸುತ್ತಿದ್ದರು.

"ಹುಟ್ಟುತ್ತಲೇ ಬರುವುದು ಹಸಿವೆ ಒಂದೇ ಕಣಪ್ಪ," ಎಂದರು. "ಉಳಿದದ್ದನ್ನೆಲ್ಲ ಯಾರಾದರೂ ತಂದು ಕೊಡಬೇಕು. ಕೂತುಕೋ, ಒಂದು ಕತೆ ಹೇಳುತ್ತೇನೆ. ಆಗಿನಿಂದ ಬಾಗಿಲನ್ನೇ ನೋಡುತ್ತಿದ್ದೀಯ. ಬಾಗಿಲು ಎಲ್ಲಿಗೂ ಹೋಗುವುದಿಲ್ಲ."

ಆಫ್ರಿಕಾದಲ್ಲಿ ಒಂದು ಗುಡ್ಡಗಾಡು. ಅಲ್ಲಿ ಒಬ್ಬ ಅಣ್ಣ, ಒಬ್ಬ ತಮ್ಮ. ಇಬ್ಬರಿಗೂ ಸೇರಿ ಒಂದು ಹಸು. ಆ ನಾಡಿನಲ್ಲಿ ಹಸು ಸಾಕುವವರನ್ನು ಹಸುವಿನವರು ಎನ್ನುತ್ತಿದ್ದರು, ಹೊಲ ಅಗೆಯುವವರನ್ನು ಗುದ್ದಲಿಯವರು ಎನ್ನುತ್ತಿದ್ದರು. ಹಸುವಿನವರಿಗೆ ಮರ್ಯಾದೆ ಒಂದು ತೂಕ ಹೆಚ್ಚು. ಭೇದವೇ ಇರಲಿಲ್ಲವೆಂದು ನಾನು ಸುಳ್ಳು ಹೇಳುವುದಿಲ್ಲ. ಆದರೆ ಹಸು ಸತ್ತರೆ ಹಸುವಿನವನು ಗುದ್ದಲಿ ಹಿಡಿಯುತ್ತಿದ್ದ. ಒಂದು ಕರು ಸಿಕ್ಕಿ ಅದು ಹೆಚ್ಚಿದರೆ ಗುದ್ದಲಿಯವನು ಹಸುವಿನವನಾಗುತ್ತಿದ್ದ. ಭಾಷೆ ಒಂದೇ, ದೇವರು ಒಬ್ಬನೇ, ಹೆಣ್ಣು ಕೊಟ್ಟು ತರುವುದೂ ಇತ್ತು.

ಈ ಅಣ್ಣತಮ್ಮಂದಿರು ಹಸುವನ್ನು ಪಾಳಿಯ ಮೇಲೆ ಸಾಕುತ್ತಿದ್ದರು. ಒಂದು ವರ್ಷ ಅಣ್ಣನ ಅಂಗಳ, ಮರುವರ್ಷ ತಮ್ಮನ ಅಂಗಳ. ಹಸು ಅಂಗಳ ಬದಲಿಸುವ ದಿನ ಎರಡೂ ಮನೆಯವರು ಬಾಳೆಹಣ್ಣಿನ ಕಳ್ಳಿನ ಗಡಿಗೆಯ ಸುತ್ತ ಕೂರುತ್ತಿದ್ದರು. ಒಂದೇ ಗಡಿಗೆಗೆ ಎಲ್ಲರೂ ಜೊಂಡಿನ ಕೊಳವೆ ಇಳಿಬಿಟ್ಟು ಹೀರುತ್ತಿದ್ದರು. ಅಂದಿನಿಂದ ಹಸುವಿನವರು ಎಂಬ ಹೆಸರು ಈ ಮನೆಯಿಂದ ಆ ಮನೆಗೆ ಹೋಗುತ್ತಿತ್ತು.

ಆಗ ಸಮುದ್ರದಾಚೆಯ ಬಿಳಿಯರು ಆ ನಾಡನ್ನು ಆಳತೊಡಗಿದ್ದರು. ಅವರ ಒಬ್ಬ ಅಧಿಕಾರಿ ಗುಡ್ಡಕ್ಕೆ ಬಂದು, ಮರದ ಕೆಳಗೆ ಮೇಜು ಹಾಕಿಸಿ ಕೂತ. ಸಾಲಿನಲ್ಲಿ ಬಂದ ಪ್ರತಿಯೊಬ್ಬನಿಗೂ ಒಂದೇ ಪ್ರಶ್ನೆ ಹಾಕಿದ. "ನೀನು ಯಾವ ಪೈಕಿ?"

ಆ ವರ್ಷ ಹಸು ಅಣ್ಣನ ಅಂಗಳದಲ್ಲಿತ್ತು. "ಹಸುವಿನವನು," ಎಂದ ಅಣ್ಣ. "ಈ ವರ್ಷ ಗುದ್ದಲಿಯವನು," ಎಂದ ತಮ್ಮ. ಈ ವರ್ಷದ್ದು ಮುಂದಿನ ವರ್ಷದ್ದು ಅಧಿಕಾರಿಗೆ ಬೇಕಾಗಿರಲಿಲ್ಲ. ಅಣ್ಣನ ಕೈಗೆ ಹಿತ್ತಾಳೆಯ ಕಡಗ ತೊಡಿಸಿದರು, ತಮ್ಮನ ಕೈಗೆ ಕಬ್ಬಿಣದ್ದು. ಬಿಚ್ಚಲು ಬಾರದ ಹಾಗೆ ಕಮ್ಮಾರ ಅವುಗಳ ಬಾಯಿ ಕೂಡಿಸಿ ಬಡಿದ.

ವರ್ಷ ತಿರುಗಿತು. ಹಸು ತಮ್ಮನ ಅಂಗಳಕ್ಕೆ ಬಂತು. ಇಬ್ಬರೂ ನಗುನಗುತ್ತ ಅಧಿಕಾರಿಯ ಬಳಿಗೆ ಹೋಗಿ, ಕಡಗ ಅದಲುಬದಲು ಮಾಡಿಕೊಡಿ ಎಂದು ಕೇಳಿದರು. ಪಾಪ, ಆ ಅಧಿಕಾರಿ ಕೇಳಿದ್ದು ಹಸುವಿನ ಪಾಳಿಯನ್ನೆಂದೇ ಅವರು ತಿಳಿದಿದ್ದರು. ಅಧಿಕಾರಿ ಅಳತೆಪಟ್ಟಿ ತಂದು ಇಬ್ಬರ ಮೂಗನ್ನೂ ಅಳೆದ. ಒಬ್ಬಳೇ ತಾಯಿ ಹೆತ್ತ ಎರಡು ಮೂಗು. ಆದರೂ ಅವನಿಗೆ ಬೇಕಾಗಿದ್ದ ವ್ಯತ್ಯಾಸ ಸಿಕ್ಕಿತು. "ಇದು ಹಸುವಿನ ವಿಚಾರವಲ್ಲ, ರಕ್ತದ ವಿಚಾರ. ನಿಮ್ಮ ಮಕ್ಕಳಿಗೂ ಇವೇ ಕಡಗ," ಎಂದು ಹೇಳಿ ಕಳಿಸಿದ.

ಮತ್ತೆ ಹಸು ಅಣ್ಣನ ಅಂಗಳಕ್ಕೆ ಹೋಯಿತು. ಆ ವರ್ಷ ಆಜ್ಞೆ ಹೊರಟಿತು. ಕಬ್ಬಿಣದವರು ಹಸು ಸಾಕಕೂಡದು, ರಸ್ತೆಗೆ ಕಲ್ಲು ಹೊರಬೇಕು. ಹಿತ್ತಾಳೆಯವರು ಚಾಟಿ ಹಿಡಿದು ನಿಲ್ಲಬೇಕು, ಹೊಡೆಯದಿದ್ದರೆ ಅವರಿಗೇ ಏಟು. ತಮ್ಮ ತನ್ನ ಪಾಳಿಯ ದಿನ ಹಗ್ಗ ಹಿಡಿದು ಅಣ್ಣನ ಅಂಗಳಕ್ಕೆ ಹೋದ.

"ಆಜ್ಞೆಯಾಗಿದೆ. ನಾನೇನು ಮಾಡಲಿ ತಮ್ಮಾ," ಎಂದ ಅಣ್ಣ.

ಅವನಿಗೆ ನಾಚಿಕೆಯಾಗಿತ್ತು. ಆದರೆ ಹಾಲು ಮನೆಯಲ್ಲೇ ಉಳಿಯಿತಲ್ಲ, ನಾಚಿಕೆ ಎಷ್ಟು ದಿನ ಇದ್ದೀತು? ತಮ್ಮ ಬರಿಯ ಹಗ್ಗ ಹಿಡಿದುಕೊಂಡು ಮನೆಗೆ ಬಂದ. ಆ ವರ್ಷ ಗಡಿಗೆಯನ್ನು ಯಾರೂ ಹೊರಗೆ ತರಲಿಲ್ಲ.

ಮುಂದೆ ತಮ್ಮನ ಮಗ ಕಲ್ಲು ಹೊತ್ತ, ಅಣ್ಣನ ಮಗ ಚಾಟಿ ಹಿಡಿದ. ಅಧಿಕಾರಿ ಹೇಳಿದ್ದ ಮಾತನ್ನು ಈಗ ಇವರೇ ತಮ್ಮ ಮಕ್ಕಳಿಗೆ ಹೇಳಿಕೊಡತೊಡಗಿದರು. ನಾವೇ ಬೇರೆ, ಅವರೇ ಬೇರೆ. ಹಿತ್ತಾಳೆಯವರು ಒಂದು ದಿನ ಬಿಳಿಯರಿಗೇ ಎದುರು ನಿಂತು, ನಮ್ಮ ನಾಡು ನಮಗೆ ಬಿಟ್ಟುಹೋಗಿ ಎಂದರು. ಬಿಳಿಯರಿಗೆ ಸಿಟ್ಟು ಬಂತು. ಹೋಗುವಾಗ ಚಾಟಿಯನ್ನು ಕಬ್ಬಿಣದವರ ಕೈಗೆ ಕೊಟ್ಟು ಹೋದರು. ಹೊಸದಾಗಿ ಆಳಲು ಕೂತವರು ಕಡಗಗಳನ್ನು ಕತ್ತರಿಸಿ ಬಿಸಾಡಬಹುದಿತ್ತು. ಅವರಿಗೂ ಅವು ಬೇಕಾಗಿದ್ದವು.

ಕೆಲಕಾಲ ಕಳೆದ ಮೇಲೆ ರೇಡಿಯೊ ದಿನವೂ ಹೇಳತೊಡಗಿತು. ಹಿತ್ತಾಳೆಯವರು ಮತ್ತೆ ಬರುತ್ತಾರೆ, ಮತ್ತೆ ನಿಮ್ಮ ತಲೆಯ ಮೇಲೆ ಕಲ್ಲು ಹೊರಿಸುತ್ತಾರೆ, ಅವರು ಏಳುವ ಮೊದಲು ನೀವು ಏಳಿ. ಜನ ಹೆದರಿದರು. ಹೆದರಿದ ಜನ ಮಚ್ಚು ಮಸೆದರು. ಹೊಳೆಯ ಸೇತುವೆಗೆ ಮರ ಅಡ್ಡ ಹಾಕಿ, ಹಾಯುವವರ ಕೈ ಹಿಡಿದು ನೋಡತೊಡಗಿದರು.

ಅಣ್ಣನ ಮೊಮ್ಮಗಳ ಹೆಸರು ಉವೇರಾ. ಅವಳು ಬೆನ್ನಿಗೆ ಕೂಸನ್ನು ಕಟ್ಟಿಕೊಂಡು ಆ ಸೇತುವೆಗೆ ಬಂದಳು. ದಾಟಿದರೆ ಆಚೆಯ ದೇಶ, ಕೂಸು ಉಳಿಯುತ್ತದೆ. ಕಡಗವನ್ನು ಅರದಿಂದ ಉಜ್ಜಿ ತೆಗೆದಿದ್ದಳು. ಆದರೆ ಚಿಕ್ಕಂದಿನಿಂದ ಕಡಗವಿದ್ದ ಮಣಿಕಟ್ಟಿನಲ್ಲಿ ಗುರುತು ಹಾಗೇ ಇತ್ತು. ಮಚ್ಚು ಹಿಡಿದು ನಿಂತಿದ್ದವನು ತಮ್ಮನ ಮೊಮ್ಮಗ ಹಬಿಮಾನ. ಅವನು ಅವಳ ಕೈ ನೋಡಿದ, ಆಮೇಲೆ ಮುಖ ನೋಡಿದ.

"ಹಬಿಮಾನಣ್ಣಾ, ನಾನು ಉವೇರಾ," ಎಂದಳು ಅವಳು. "ನಮ್ಮ ಅಜ್ಜಂದಿರು ಒಂದೇ ಹಸುವಿನ ಹಾಲು ಕುಡಿದವರು. ನನ್ನನ್ನು ಬೇಕಾದರೆ ಇಲ್ಲೇ ಇಟ್ಟುಕೋ. ಕೂಸನ್ನು ದಾಟಿಸಿಬಿಡು."

ಹಬಿಮಾನನ ಹಿಂದೆ ನಿಂತವರು ಅವನನ್ನೇ ನೋಡುತ್ತಿದ್ದರು. ಬಿಟ್ಟರೆ ಮುಂದಿನ ಸರದಿ ತನ್ನದೆಂದು ಅವನಿಗೆ ಗೊತ್ತಿತ್ತು. ಆದರೂ ಒಂದು ಗಳಿಗೆ ಅವನು ಹಿಂದೆ ಸರಿದು ದಾರಿ ಬಿಟ್ಟಂತೆಯೇ ಇತ್ತು. ಅಷ್ಟರಲ್ಲಿ ಅವನ ಮನೆಯಲ್ಲಿ ಅಜ್ಜ ಗೋಡೆಗೆ ತೂಗುಹಾಕಿದ್ದ ಆ ಬರಿಯ ಹಗ್ಗ ಅವನಿಗೆ ನೆನಪಾಯಿತು.

"ಹೌದು, ಒಂದೇ ಹಸು," ಎಂದ. "ಕೊನೆಗೆ ಅದು ಯಾರ ಅಂಗಳದಲ್ಲಿತ್ತು?"

ಗುರುಗಳು ಕತೆ ನಿಲ್ಲಿಸಿ ಮತ್ತೆ ಸೊಪ್ಪಿಗೆ ಕೈ ಹಾಕಿದರು. ಮರುಳಪ್ಪ ತಡೆಯಲಾರದೆ ಕೇಳಿದ. "ಕೂಸನ್ನಾದರೂ ಬಿಟ್ಟನೇ?"

"ಇಲ್ಲಪ್ಪ. ಆ ಗುಡ್ಡದಲ್ಲಿ ಆ ವರ್ಷ ಹಸುಗಳು ಕೆಚ್ಚಲು ಬಿಗಿದು ಅರಚುತ್ತಿದ್ದವು. ಹಾಲು ಕರೆಯಲು ಮನೆಗಳಲ್ಲಿ ಜನ ಉಳಿದಿರಲಿಲ್ಲ."

ಶಿಷ್ಯನ ಕಣ್ಣು ತುಂಬಿತು. "ಆ ಅಧಿಕಾರಿಯ ಪಾಪ ಗುರುಗಳೇ, ಎಲ್ಲ ಅವನದೇ. ಅವನು ಮೇಜು ಹಾಕಿಸಿ ಕೂತು ಆ ಒಂದು ಪ್ರಶ್ನೆ ಕೇಳದೆ ಇದ್ದಿದ್ದರೆ ಆ ಕೂಸು ಉಳಿಯುತ್ತಿತ್ತು."

"ಅವನ ಪಾಪದಲ್ಲಿ ಒಂದು ಕಾಳನ್ನೂ ನಾನು ಕಡಿಮೆ ಮಾಡುವುದಿಲ್ಲ," ಎಂದು ಗುರುಗಳು ಮೊರವನ್ನು ಪಕ್ಕಕ್ಕಿಟ್ಟರು. ಹೊರಗೆ ಜಗಲಿಯ ಮೇಲೆ ಕೂತವನು ಕೆಮ್ಮಿದ್ದು ಕೇಳಿಸಿತು. ಅವನಿಗಿನ್ನೂ ಅನ್ನ ಹೋಗಿರಲಿಲ್ಲ.

"ಮರುಳಪ್ಪ, ಹಸಿದು ಬಂದ ಆ ಮನುಷ್ಯನನ್ನು ಬೆಳಿಗ್ಗೆ ನೀನು ಮೊದಲು ಕೇಳಿದ್ದೇನು?"

ಮರುಳಪ್ಪ ಎದ್ದು, ಅನ್ನ ಬಡಿಸಿಕೊಂಡು ಜಗಲಿಗೆ ಹೋದ.