ಗೀಚುಗೈ

ಕೈಗುಣ ಹುಟ್ಟುತ್ತಲೇ ಬರಬೇಕು, ಕಲಿತರೆ ಬರುವುದಿಲ್ಲ ಎಂದು ಆಗ ಎಲ್ಲರೂ ನಂಬಿದ್ದರು. ವೈದ್ಯನ ಬೇರಿಗೂ ಇದೇ ಮಾತು, ಸೂಲಗಿತ್ತಿಯ ಬೆರಳಿಗೂ ಇದೇ ಮಾತು, ಪ್ರವಚನಕಾರನ ನಾಲಿಗೆಗೂ ಇದೇ ಮಾತು. ನಂಬುವುದಕ್ಕೆ ಖರ್ಚೇನೂ ಇರಲಿಲ್ಲ. ಮಠದ ಕಿರಿಯ ಶಿಷ್ಯನೂ ನಂಬಿದ್ದ. ಹಿಂದಿನ ದಿನ ಅವನು ಮೊದಲ ಸಲ ಪ್ರವಚನಕ್ಕೆ ಕುಳಿತು, ಶ್ಲೋಕದ ಎರಡನೆಯ ಪಾದ ಮರೆತು, ಮೊದಲನೆಯದನ್ನೇ ಮತ್ತೆ ಮತ್ತೆ ಹೇಳಿ, ಸಭೆ ನಗುವುದನ್ನು ಕೇಳಿ ಎದ್ದು ಬಂದಿದ್ದ. ಬೆಳಿಗ್ಗೆ ಬಟ್ಟೆಯ ಗಂಟು ಕಟ್ಟಿಕೊಂಡು ಗುರುವಿನ ಮುಂದೆ ನಿಂತ.

“ಗುರುಗಳೇ, ನನಗೆ ಮಾತು ಒಲಿದಿಲ್ಲ. ಒಲಿಯದ ವಿದ್ಯೆಯನ್ನು ಬಿಟ್ಟು ಹೋಗುವುದೇ ಮರ್ಯಾದೆಯಲ್ಲವೇ?”

ಗುರು ಗಂಟಿನ ಕಡೆ ನೋಡಿದರು. “ಕೂತುಕೋ. ಗಂಟು ಬಿಚ್ಚಬೇಕಾಗಿಲ್ಲ,” ಎಂದು ಹೇಳತೊಡಗಿದರು.

ಒಂದು ಊರಿನ ಹೊರಗೆ ಹಚ್ಚೆ ಹೊಯ್ಯುವವರ ಕೇರಿಯಿತ್ತು. ಕೇರಿಯ ಹೆಂಗಸರು ದೀಪದ ಮಸಿಗೆ ಸೊಪ್ಪಿನ ರಸ ಕಲಸಿಕೊಂಡು, ಮೂರು ಸೂಜಿ ಸೇರಿಸಿ ಕಟ್ಟಿಕೊಂಡು, ಸುತ್ತಲ ಹಳ್ಳಿಗಳ ಹೆಣ್ಣುಮಕ್ಕಳ ಕೈಗೆ ಹಚ್ಚೆ ಹೊಯ್ದು ರಾಗಿ ತರುತ್ತಿದ್ದರು. ಹಚ್ಚೆಯಿಲ್ಲದ ಕೈಯಿಂದ ಅತ್ತೆಮನೆಯವರು ನೀರು ಕುಡಿಯುತ್ತಿರಲಿಲ್ಲ. ಹಾಗಾಗಿ ಕಸುಬಿಗೆ ಬರವಿರಲಿಲ್ಲ.

ಕೇರಿಗೆಲ್ಲ ದೊಡ್ಡವಳು ಒಬ್ಬ ಮುದುಕಿ. ಅವಳು ಎಳೆದ ಗೀಟು ಕೂದಲೆಳೆಯಷ್ಟು ಸಣ್ಣ. ಹಬ್ಬುತ್ತಿರಲಿಲ್ಲ, ಮಾಸುತ್ತಿರಲಿಲ್ಲ. ಅವಳು ತಾಯಿಯ ಹೊಟ್ಟೆಯಿಂದ ಬರುವಾಗಲೇ ಮುಷ್ಟಿಯಲ್ಲಿ ಸೂಜಿ ಹಿಡಿದು ಬಂದಳೆಂದು ಕೇರಿ ಹೇಳುತ್ತಿತ್ತು. ಆ ತಾಯಿಯ ಗತಿ ಏನಾಯಿತೆಂದು ಯಾರೂ ಕೇಳಿರಲಿಲ್ಲ.

ಕೇರಿಯಲ್ಲಿ ಒಂದು ಪದ್ಧತಿಯಿತ್ತು. ಹೆಣ್ಣುಮಗು ಅಂಬೆಗಾಲಿಡುವಾಗ ಅದರ ಮುಂದೆ ಒಂದು ಸೂಜಿಕಂತೆ, ಒಂದು ಬಿದಿರ ದಬ್ಬೆ, ಒಂದು ಹಿಡಿ ಹುರಿಗಡಲೆ ಇಡುತ್ತಿದ್ದರು. ಸೂಜಿ ಮುಟ್ಟಿದ ಮಗುವಿಗೆ ಕೈಗುಣ ಉಂಟು. ಉಳಿದವರು ಬುಟ್ಟಿ ಹೆಣೆಯಬೇಕು. ಮುದುಕಿಯ ಮೊಮ್ಮಗಳು ಸೂಜಿಯನ್ನೇ ಮುಟ್ಟಿದಳು. ಅವತ್ತು ಉಳಿದೆರಡನ್ನು ಸ್ವಲ್ಪ ದೂರ ಇಟ್ಟಿದ್ದರು. ಅದೇ ವರ್ಷ ಇನ್ನೊಂದು ಮಗು ಸೀದಾ ಹೋಗಿ ಕಡಲೆ ಬಾಯಿಗೆ ಹಾಕಿಕೊಂಡಿತು. ಅದರ ಪಾಲಿಗೆ ಬಿದಿರು ಬಂತು.

ಆ ಮಗು ಬೆಳೆದು ಹುಡುಗಿಯಾದಳು. ಬುಟ್ಟಿ ಹೆಣೆಯುತ್ತಿದ್ದಳು, ಕಣ್ಣು ಮಾತ್ರ ಮುದುಕಿಯ ಬೆರಳ ಮೇಲಿರುತ್ತಿತ್ತು. ಒಂದು ದಿನ ಮನೆಯ ಹಿಂದೆ ಕುಳಿತು, ಮೂರು ಸೂಜಿ ಕಟ್ಟಿ, ತನ್ನ ಎಡತೋಳಿಗೇ ಚುಚ್ಚಿಕೊಂಡಳು. ಅವಳ ಅವ್ವ ಓಡಿ ಬಂದು ಬಾಯಿ ಬಡಿದುಕೊಂಡಳು.

“ಕೈಗುಣ ಇಲ್ಲದವಳು ಇನ್ನೊಬ್ಬರ ಮೈಗೆ ಸೂಜಿ ತಾಗಿಸಬಾರದು ಅಂತ ಕಟ್ಟಳೆ ಐತೆ. ಗೊತ್ತಿಲ್ಲೇನೇ ನಿಂಗೆ?”

“ಗೊತ್ತು ಕಣವ್ವ. ಇದು ಇನ್ನೊಬ್ಬರ ಮೈಯಲ್ಲವಲ್ಲ.”

ಕಟ್ಟಳೆ ಮಾಡಿದವರು ಇಷ್ಟು ದೂರ ಯೋಚಿಸಿರಲಿಲ್ಲ. ಅವ್ವ ಅರಿಶಿನ ತರಲು ಒಳಗೆ ಹೋದಳು.

ಹುಡುಗಿಗೆ ಮೊದಲ ತೊಡಕು ಅಲ್ಲೇ ಎದುರಾಯಿತು. ಬೇರೆಯವರಿಗೆ ಹಚ್ಚೆ ಹೊಯ್ಯುವವಳು ಒಂದು ಕೈಯಲ್ಲಿ ಚರ್ಮ ಬಿಗಿ ಹಿಡಿದು ಇನ್ನೊಂದರಲ್ಲಿ ಚುಚ್ಚುತ್ತಾಳೆ. ತನ್ನ ತೋಳಿಗೆ ಹೊಯ್ದುಕೊಳ್ಳುವವಳಿಗೆ ಹಿಡಿಯಲು ಕೈಯಿಲ್ಲ. ಅವಳು ತೋಳನ್ನು ಮೊಣಕಾಲುಗಳ ನಡುವೆ ಸಿಕ್ಕಿಸಿ ಚರ್ಮ ಬಿಗಿ ಮಾಡಿಕೊಂಡಳು. ಮೊಣಕೈ ಹತ್ತಿರ ಒಂದು ಚೇಳು ಬರೆಯಲು ಹೋದಳು. ಸೂಜಿ ಆಳಕ್ಕೆ ಇಳಿಯಿತು, ಮಸಿ ಒದ್ದೆ ಬಟ್ಟೆಯಲ್ಲಿ ಹರಡಿದಂತೆ ಹರಡಿತು. ಅದರ ಕೆಳಗೆ ಇನ್ನೊಂದು. ಈ ಸಲ ಸೂಜಿ ಮೇಲೇ ನಿಂತಿತು, ಹಕ್ಕಳೆ ಉದುರಿದಾಗ ಚೇಳೂ ಉದುರಿತು. ಕೀವಾಯಿತು, ಜ್ವರ ಬಂತು. ಜ್ವರ ಇಳಿದ ಮೇಲೆ ಮತ್ತೆ ಕುಳಿತಳು. ಆಳಕ್ಕೆ ಹೋದ ಸೂಜಿಯ ನೋವು ಒಂದು ಥರ, ಮೇಲೆ ನಿಂತ ಸೂಜಿಯ ನೋವು ಇನ್ನೊಂದು ಥರ, ಸರಿಯಾಗಿ ನಿಂತದ್ದರ ನೋವು ಮೂರನೆಯ ಥರ. ಈ ಪಾಠ ಬೇರೆಯವರ ಚರ್ಮದಲ್ಲಿ ಸಿಗುವುದಿಲ್ಲ. ಬೇರೆಯವರ ಚರ್ಮ ಬರೀ ಕಿರುಚುತ್ತದೆ, ವಿವರ ಹೇಳುವುದಿಲ್ಲ.

ಕೇರಿಯಲ್ಲಿ ಒಬ್ಬಳು ಬಾಯಿಬಡುಕಿ ಇದ್ದಳು. ಬಾವಿಕಟ್ಟೆಯಲ್ಲಿ ಹುಡುಗಿಯ ತೋಳು ಹಿಡಿದೆತ್ತಿ ಎಲ್ಲರಿಗೂ ತೋರಿಸಿದಳು.

“ನೋಡ್ರೇ ಇಲ್ಲಿ! ಏನೇ ಇದು, ಚೇಳೋ, ತುಳಿದ ಹುಣಿಸೇಹಣ್ಣೋ?”

“ಚೇಳೇ ಚಿಕ್ಕವ್ವ. ಕೊಂಡಿ ಇನ್ನೂ ಬರಬೇಕು.”

ನೀರಿಗೆ ಬಂದವರು ನಕ್ಕರು. ಅವತ್ತಿನಿಂದ ಅವಳಿಗೆ ಗೀಚುಗೈ ಎಂದು ಹೆಸರಾಯಿತು. ಹುಡುಗಿ ಆ ಹೆಸರಿಗೂ ‘ಓ’ ಎಂದಳು. ತೋಳಿನ ಮೇಲೆ ಸೆರಗು ಎಳೆದುಕೊಳ್ಳಲಿಲ್ಲ.

ಇಷ್ಟರಲ್ಲಿ ಮುದುಕಿಗೆ ಕಣ್ಣು ಮಂಜಾಯಿತು. ಮೊಮ್ಮಗಳು ಸೂಜಿ ಹಿಡಿದಳು. ಹುಟ್ಟಿನಿಂದ ಬಂದದ್ದನ್ನು ಕಲಿಯುವುದೇನು ಎಂದು ಅವಳಿಗೆ ಯಾರೂ ಏನೂ ಕಲಿಸಿರಲಿಲ್ಲ. ಮದುವೆ ಗೊತ್ತಾಗಿದ್ದ ಒಬ್ಬ ರೈತನ ಮಗಳ ಕೈ ಅವಳ ಮುಂದೆ ಬಂತು. ಆ ಕೈ ಮೂರು ದಿನ ಕುಂಬಳಕಾಯಿಯಂತೆ ಊದಿಕೊಂಡಿತು. ಊತ ಇಳಿದಾಗ ಮುಂಗೈ ಮೇಲೆ ಬರೀ ಒಂದು ಹಸಿರು ಕಲೆ ಉಳಿದಿತ್ತು. ಕೈಗುಣ ಉಳ್ಳವಳು ತಪ್ಪಲಾರಳು. ಆದ್ದರಿಂದ ತಪ್ಪು ಚರ್ಮದ್ದೆಂದು ಕೇರಿ ತೀರ್ಮಾನಿಸಿತು. ಹಚ್ಚೆಯ ದಿನ ರೈತನ ಮಗಳು ನಂಜಿನ ಬದನೆಕಾಯಿ ತಿಂದಿರಬೇಕು ಎಂದರು.

ರೈತನ ಮಗಳು ಜಗಳಕ್ಕೆಂದು ಕೇರಿಗೆ ಬಂದಳು. ಯಾರ ಬಾಗಿಲೂ ತೆರೆಯಲಿಲ್ಲ. ಅಂಗಳದಲ್ಲಿ ಕುಳಿತು ಬುಟ್ಟಿ ಹೆಣೆಯುತ್ತಿದ್ದವಳ ಬರಿತೋಳು ಕಂಡು ನಿಂತಳು.

“ಅಯ್ಯೋ, ನಿನ್ನ ಕೈ ನನ್ನದಕ್ಕಿಂತ ಹಾಳಾಗಿದೆಯಲ್ಲೇ! ಯಾರು ಹಾಕಿದ್ದು?”

“ನಾನೇ.”

“ಹೇಳ್ಕೊಳ್ಳೋಕೆ ನಾಚಿಕೆ ಆಗಲ್ವಾ?”

“ಮೊಣಕೈ ಹತ್ರ ಆಗುತ್ತೆ. ಮಣಿಕಟ್ಟಿನ ಹತ್ರ ಆಗಲ್ಲ. ನೋಡು.”

ರೈತನ ಮಗಳು ಆ ತೋಳನ್ನು ಮೇಲಿಂದ ಕೆಳಗೆ ನೋಡಿದಳು. ಮೊಣಕೈ ಬಳಿ ಕಲೆಗಳು. ಅದರ ಕೆಳಗೆ ನಡುಗುವ ಗೀಟುಗಳು. ಇನ್ನೂ ಕೆಳಗೆ ಬಂದಂತೆ ಕಾಲುಗಳು ಮೂಡಿದ್ದವು, ಮೈ ಮೂಡಿತ್ತು. ಮಣಿಕಟ್ಟಿನ ಮೇಲೆ ಒಂದು ಚೇಳು ಈಗಲೋ ಆಗಲೋ ಸರಿದುಹೋಗುವಂತೆ ಕುಳಿತಿತ್ತು. ಅವಳು ತನ್ನ ಕೈ ಚಾಚಿದಳು.

“ನಿನ್ನ ಕೈಯಲ್ಲಿ ಇನ್ನು ಜಾಗ ಇಲ್ಲ. ಮುಂದಿನದು ನನ್ನ ಕೈಗೆ ಹಾಕು.”

ಈ ಕೈ ಮುಟ್ಟಿದರೆ ಕಟ್ಟಳೆಯಂತೆ ಕೇರಿ ಬಿಡಬೇಕಾಗುತ್ತದೆ ಎಂದು ಹುಡುಗಿಗೆ ಗೊತ್ತಿತ್ತು. ಹಚ್ಚೆ ಕೆಟ್ಟರೂ ಬಿಡಬೇಕು, ಒಪ್ಪವಾಗಿ ಬಂದರೂ ಬಿಡಬೇಕು. ಅವಳು ಬುಟ್ಟಿಯನ್ನು ಪಕ್ಕಕ್ಕಿಟ್ಟಳು. ಮನೆಯೊಳಗೆ ಕರೆದುಕೊಂಡು ಹೋಗಲಿಲ್ಲ, ಅಂಗಳದಲ್ಲೇ, ಎಲ್ಲರ ಕಣ್ಣೆದುರಿಗೇ ಕುಳಿತಳು. ಕಲೆಯ ಸುತ್ತ ಗೀಟು ಕೂರಿಸಿ ಅದನ್ನು ತುಳಸಿಕಟ್ಟೆ ಮಾಡಿದಳು, ಮೇಲೆ ಗಿಡ ನಿಲ್ಲಿಸಿದಳು. ಈ ಸಲ ಚರ್ಮ ಹಿಡಿಯಲು ಅವಳಿಗೆ ಒಂದು ಕೈ ಹೆಚ್ಚಾಗಿತ್ತು.

ಹಚ್ಚೆ ಒಣಗಿತು. ಹಬ್ಬಲಿಲ್ಲ.

ಕೇರಿ ಅವಳನ್ನು ಹೊರಗೆ ಹಾಕಲು ಸೇರಿತು. ಸೇರಿದ ಹೊತ್ತಿಗೇ ರೈತನ ಊರಿನಿಂದ ಹೆಂಗಸರು ಬಂದು ತುಳಸಿಕಟ್ಟೆ ಹಾಕಿದವಳು ಎಲ್ಲಿ ಎಂದು ಕೇಳಿದರು. ಬಂದ ರಾಗಿಯನ್ನು ವಾಪಸು ಕಳಿಸುವ ಚಾಳಿ ಕೇರಿಗಿರಲಿಲ್ಲ. ಅಲ್ಲೇ ಮಾತು ತಿರುಗಿತು. ಹುಡುಗಿಗೆ ಕೈಗುಣ ಹುಟ್ಟಿನಿಂದಲೇ ಇತ್ತು ಎಂದರು. ಅವತ್ತು ಮಗುವಿಗೆ ಹಸಿವಾಗಿತ್ತು, ಇಲ್ಲದಿದ್ದರೆ ಸೂಜಿಯನ್ನೇ ಮುಟ್ಟುತ್ತಿತ್ತು ಎಂದರು. ಬಾಯಿಬಡುಕಿ ಇನ್ನೂ ಮುಂದೆ ಹೋದಳು. “ಮುಟ್ಟಿತ್ತು ಕಣ್ರೇ. ಕಡಲೆಗೆ ಹೋಗೋ ದಾರೀಲಿ ಮುಟ್ಟೇ ಹೋಯ್ತು. ನಾನೇ ಕಂಡಿದ್ದೆ.”

“ನಂಗೆ ಹುಟ್ಟಿನಿಂದ ಏನೂ ಬಂದಿಲ್ಲ,” ಎಂದು ಹುಡುಗಿ ತೋಳು ಚಾಚಿದಳು. “ಎಲ್ಲಿಂದ ಬಂತು ಅಂತ ಇಲ್ಲೈತೆ ನೋಡ್ರಿ.”

ಯಾರೂ ನೋಡಲಿಲ್ಲ.

ಹಾಸಿಗೆ ಹಿಡಿದಿದ್ದ ಮುದುಕಿ ಅವಳನ್ನು ಕರೆಸಿದಳು. ತಲೆಯ ಬಳಿ ಅವಳ ಸೂಜಿಕಂತೆ ಹಳದಿ ಬಟ್ಟೆಯಲ್ಲಿ ಸುತ್ತಿಟ್ಟಿತ್ತು. ಅದು ಯಾರ ಕೈಗೆ ಬರುತ್ತದೋ ಅವಳೇ ಕೇರಿಯ ಹಿರಿಯಳು. ಅವಳ ಮಾತು ಮೀರಿ ಕೇರಿಯ ಯಾರೂ ಯಾವ ಊರಿಗೂ ಹಚ್ಚೆಗೆ ಕಾಲಿಡುವಂತಿರಲಿಲ್ಲ.

“ಕಂತೆ ನಿಂಗೇ ಕೊಡ್ತೀನಿ,” ಎಂದಳು ಮುದುಕಿ. “ಉದ್ದ ತೋಳಿನ ರವಿಕೆ ಹೊಲಿಸ್ಕೋ. ಆ ಕೈ ಯಾರಿಗೂ ಕಾಣಬಾರದು. ದೇವಿ ಕನಸಿನಾಗೆ ಬಂದು ನಿಂಗೆ ಕೊಟ್ಟಳು ಅಂತ ನಾನು ಹೇಳ್ತೀನಿ.”

“ದೇವಿ ಬಂದಿಲ್ಲವಲ್ಲಜ್ಜಿ.”

“ಕಲಿತವಳ ಮುಂದೆ ಯಾವ ತಾಯಿ ಮಗಳ ಕೈ ಚಾಚಿಸ್ತಾಳೆ? ಕಲಿತವಳು ತಪ್ಪಿಯಾಳು ಅಂತ ಭಯ. ಹುಟ್ಟಿನಿಂದ ಬಂದೋಳು ತಪ್ಪಲ್ಲ ಅಂತ ನಂಬಿಕೆ. ಆ ನಂಬಿಕೇಲೇ ನಾವು ಉಣ್ಣೋದು.”

“ನಿನ್ನ ಮೊಮ್ಮಗಳು ತಪ್ಪಿದಳಲ್ಲ?”

“ಅದು ಬದನೆಕಾಯಿ,” ಎಂದಳು ಮುದುಕಿ.

ಹುಡುಗಿಗೆ ನಗು ಬಂತು. ಮುದುಕಿ ನಗಲಿಲ್ಲ. ಹುಡುಗಿ ಹೇಳಿದಳು. “ನಾನು ಮುಚ್ಚಲ್ಲಜ್ಜಿ. ತಪ್ಪು ನಂದು, ಕೈ ನಂದು. ಇದನ್ನ ಮುಚ್ಚಿ ಇನ್ನೊಬ್ಬರ ಕೈ ಹೇಗೆ ಹಿಡೀಲಿ?”

ಮುದುಕಿ ಕೇರಿಯ ಮೂವರು ಹೆಂಗಸರನ್ನು ಕೂಗಿ ಕರೆದಳು. ಬಾಯಿಬಡುಕಿಯೂ ಅವರಲ್ಲಿ ಒಬ್ಬಳು. “ಇವಳು ಕೈ ಮುಚ್ಚಿದರೆ ಕಂತೆ ಇವಳಿಗೆ. ಮುಚ್ಚದಿದ್ದರೆ ಕಂತೆ ನನ್ನ ಜೊತೆ ಗುಂಡಿಗೆ, ಇವಳು ಕೇರಿಯಿಂದ ಆಚೆಗೆ,” ಎಂದಳು. ಮೂವರೂ ಅವಳ ಕಾಲು ಮುಟ್ಟಿ ಹಾಗೇ ಆಗಲೆಂದರು.

ಅದೇ ವಾರ ಮುದುಕಿ ಸತ್ತಳು. ಗುಂಡಿ ತೋಡಿದರು. ಹುಡುಗಿ ತನ್ನ ಬಟ್ಟೆ, ಮೂರು ಸೂಜಿ, ಮಸಿಯ ಕುಡಿಕೆ ಗಂಟು ಕಟ್ಟಿಕೊಂಡು, ಮಣ್ಣಿಗೆ ಮುಂಚೆ ಮುಖ ನೋಡಿ ಹೋಗೋಣವೆಂದು ಅಂಗಳಕ್ಕೆ ಬಂದಳು. ತೋಳು ಮುಚ್ಚಿರಲಿಲ್ಲ.

“ಹೆಣದ ಮುಂದಾದ್ರೂ ಮುಚ್ಚಿಕೊಳ್ಳೇ, ನಾಚಿಕೆಗೆಟ್ಟವಳೇ,” ಎಂದಳು ಬಾಯಿಬಡುಕಿ.

“ಅಜ್ಜಿ ನೋಡಿರೋ ಕೈಯೇ ಚಿಕ್ಕವ್ವ. ಹೊಸದೇನಲ್ಲ.”

ಆ ಮೂವರೂ ಮೊಮ್ಮಗಳೂ ಬಿಸಿನೀರು ಹೊತ್ತು ಹೆಣ ತೊಳೆಯಲು ಒಳಗೆ ಹೋದರು. ಬಾಗಿಲು ಮುಂದೆ ಮಾಡಿಕೊಂಡರು. ಹುಡುಗಿ ಹೊರಗೆ ನಿಂತಳು. ನೀರು ಸುರಿಯುವ ಸದ್ದು ಕೇಳಿತು. ಆಮೇಲೆ ಸದ್ದು ನಿಂತಿತು. ಬಹಳ ಹೊತ್ತಿನ ಮೇಲೆ ಮತ್ತೆ ಸುರಿಯಿತು.

ಬಾಗಿಲು ತೆರೆದಾಗ ನಾಲ್ವರೂ ಒಬ್ಬರ ಮುಖ ಒಬ್ಬರು ನೋಡದೆ ಹೊರಗೆ ಬಂದರು. ಮೊಮ್ಮಗಳು ಗೋಡೆಗೆ ಒರಗಿ ಕುಳಿತುಬಿಟ್ಟಳು. ಬಾಯಿಬಡುಕಿ ತಿರುಗಿ ಒಳಗೆ ಹೋಗಿ, ಹಳದಿ ಬಟ್ಟೆಯ ಕಂತೆ ತಂದು, ಹುಡುಗಿಯ ಗೀಚುಗೈಯನ್ನು ಹಿಡಿದು ಅದರ ಮೇಲಿಟ್ಟಳು. ಮುಚ್ಚಿಕೋ ಎಂದು ಯಾರೂ ಹೇಳಲಿಲ್ಲ.

ಗುರು ಅಲ್ಲಿಗೆ ನಿಲ್ಲಿಸಿದರು. ಶಿಷ್ಯ ಕಾದ. ಗುರು ಮುಂದೆ ಹೇಳುವ ಹಾಗೆ ಕಾಣಲಿಲ್ಲ.

“ಗುರುಗಳೇ, ಸಾಯುವವಳ ಕಾಲು ಮುಟ್ಟಿ ಕೊಟ್ಟ ಮಾತು. ಒಳಗೆ ಹೋದಾಗ ಇಲ್ಲದ ಬುದ್ಧಿ ಹೊರಗೆ ಬರುವಷ್ಟರಲ್ಲಿ ಹೇಗೆ ಬಂತು? ಮುದುಕಿಗಂತೂ ಕೈಗುಣ ಹುಟ್ಟಿನಿಂದ ಬಂದದ್ದೇ ತಾನೇ?”

“ನೀರು ಹಾಕಲು ಸೀರೆ ತೆಗೆದಾಗ,” ಎಂದರು ಗುರು, “ಮುದುಕಿಯ ಎರಡು ತೊಡೆಗಳ ಮೇಲೂ ಬೆರಳಿಡಲು ಜಾಗವಿಲ್ಲದಷ್ಟು ಸೊಟ್ಟಸೊಟ್ಟ ಹಚ್ಚೆಗಳಿದ್ದವು.”