ಕೇಳದೇ ಉಳಿದ ಉಪಪ್ರಶ್ನೆ

ಹೊನ್ನಕೆರೆಯ ಶಾಸಕ ಕೊಟ್ರಬಸಪ್ಪನಿಗೆ ವಿಧಾನಸಭೆಯಲ್ಲಿ ಸಿಕ್ಕಿದ್ದು ಕೊನೆಯ ಸಾಲಿನ ಕುರ್ಚಿ. ಅವನು ಮಂತ್ರಿಯಾಗಿರಲಿಲ್ಲ, ಆಗುವ ಲಕ್ಷಣವೂ ಇರಲಿಲ್ಲ. ಟಿ.ವಿ. ಕ್ಯಾಮೆರಾ ಅಷ್ಟು ಹಿಂದಕ್ಕೆ ತಿರುಗುವುದು ಅಲ್ಲಿ ಯಾರಾದರೂ ನಿದ್ದೆ ಮಾಡುತ್ತಿದ್ದರೆ ಮಾತ್ರ. ಕೊಟ್ರಬಸಪ್ಪ ನಿದ್ದೆ ಮಾಡುತ್ತಿರಲಿಲ್ಲ. ಹಾಗಾಗಿ ಊರಿನವರು ಅವನನ್ನು ಟಿ.ವಿ.ಯಲ್ಲಿ ನೋಡಿಯೇ ಇರಲಿಲ್ಲ.

ಅವನಿಗೆ ಗೊತ್ತಿದ್ದ ಕೆಲಸ ಪ್ರಶ್ನೆ ಕೇಳುವುದು. ಸರ್ಕಾರ ಕೊಟ್ಟ ಉತ್ತರವನ್ನು ಪೂರ್ತಿ ಓದುತ್ತಿದ್ದ. ಓದಿ ಸುಮ್ಮನಾಗದೆ ಆ ಜಾಗಕ್ಕೇ ಹೋಗಿ ನೋಡುತ್ತಿದ್ದ. ಸೇತುವೆ ಮುಗಿದಿದೆ ಎಂದು ಉತ್ತರ ಬಂದರೆ ಅದರ ಮೇಲೆ ನಡೆದು ನೋಡಿ ಬರುವ ಮನುಷ್ಯ. ಅಧಿಕಾರಿಗಳಿಗೆ ಇಂಥವರನ್ನು ಕಂಡರೆ ಆಗುವುದಿಲ್ಲ, ಅದು ಸಹಜ. ಆದರೆ ಊರಿನವರಿಗೂ ಇದೊಂದು ಕೆಲಸ ಅನ್ನಿಸಿರಲಿಲ್ಲ. ಅವರ ಪ್ರಕಾರ ಶಾಸಕ ಅಂದರೆ ಮದುವೆಗೆ ಬರಬೇಕು, ನಾಮಕರಣಕ್ಕೆ ಬರಬೇಕು, ಅಂಗಡಿ ಪೂಜೆಗೆ ಬಂದು ಟೇಪು ಕತ್ತರಿಸಬೇಕು. ಬಾರದಿದ್ದರೆ ಗೆದ್ದ ಮೇಲೆ ಸೊಕ್ಕು ಬಂದಿದೆ ಎಂದು ಅರ್ಥ.

ಹೊನ್ನಕೆರೆ ಮಂಡಕ್ಕಿಯ ಊರು. ಬಸ್ ಸ್ಟ್ಯಾಂಡಿನ ಹಿಂದೆ ಸಾಲಾಗಿ ಮಂಡಕ್ಕಿ ಭಟ್ಟಿಗಳಿದ್ದವು. ಭಟ್ಟಿಯವರ ಸಂಘಕ್ಕೆ ಉಚ್ಚೆಂಗಮ್ಮ ಅಧ್ಯಕ್ಷೆ. ಗಂಡ ತೀರಿಕೊಂಡ ಮೇಲೆ ಭಟ್ಟಿಯನ್ನು ತಾನೇ ನಡೆಸಿ ನಿಂತ ಹೆಂಗಸು. ಬಾಯಿ ಜೋರು, ಮನಸ್ಸು ಒಳ್ಳೆಯದು. ಕೊಟ್ರಬಸಪ್ಪನಿಗೆ ಅವಳ ಮೇಲೆ ಗೌರವವಿತ್ತು, ಸ್ವಲ್ಪ ಭಯವೂ ಇತ್ತು.

ಭಟ್ಟಿಯ ಹೊಗೆಯಿಂದ ಊರಿಗೆ ಕಷ್ಟವಾಗುತ್ತಿದ್ದುದು ಸುಳ್ಳಲ್ಲ. ಪಕ್ಕದ ಶಾಲೆಯ ಮಕ್ಕಳು ಕೆಮ್ಮುತ್ತಿದ್ದರು. ಅದಕ್ಕೆ ಸರ್ಕಾರ ಒಂದು ಆದೇಶ ಹೊರಡಿಸಿತು. ಊರಾಚೆ ಹೊಸ ಕೈಗಾರಿಕಾ ಪ್ರದೇಶ ಸಿದ್ಧವಾಗಿದೆ, ಯುಗಾದಿಯೊಳಗೆ ಭಟ್ಟಿಗಳೆಲ್ಲ ಅಲ್ಲಿಗೆ ಹೋಗಬೇಕು, ಆಮೇಲೆ ಹಳೇ ಭಟ್ಟಿಗಳಿಗೆ ಬೀಗ. ಉಳಿದವರು ಗೊಣಗುತ್ತಾ ಕೂತರು. ಉಚ್ಚೆಂಗಮ್ಮ ಮಾತ್ರ ಹೋಗುವುದೇ ಆದರೆ ಮೊದಲು ಹೋಗೋಣ ಎಂದು ತನ್ನ ಬಂಗಾರ ಮಾರಿ ಅಲ್ಲಿ ಹೊಸ ಭಟ್ಟಿ ಕಟ್ಟಿಸಿದಳು.

ಕೊಟ್ರಬಸಪ್ಪ ತನ್ನ ಚಾಳಿಯಂತೆ ಆ ಜಾಗಕ್ಕೂ ಹೋದ. ರಸ್ತೆ ಇತ್ತು, ದೀಪದ ಕಂಬ ಇತ್ತು, ಪ್ರತಿ ನಿವೇಶನದ ಮುಂದೆ ಹೊಳೆಯುವ ಹೊಸ ನಲ್ಲಿಯೂ ಇತ್ತು. ಒಂದೊಂದೇ ನಲ್ಲಿ ತಿರುಗಿಸಿ ನೋಡಿದ. ಯಾವುದರಲ್ಲೂ ನೀರು ಬರಲಿಲ್ಲ. ಪೈಪಿನ ಜಾಡು ಹಿಡಿದು ಹೋದರೆ ಅದು ದಿಬ್ಬದ ಮೇಲಿನ ಒಂದು ಖಾಲಿ ಟ್ಯಾಂಕಿಗೆ ಮುಟ್ಟಿ ನಿಂತಿತ್ತು. ಟ್ಯಾಂಕಿಗೆ ನೀರು ಬರುವ ದಾರಿಯನ್ನು ಯಾರೂ ಮಾಡಿರಲಿಲ್ಲ. ಭತ್ತ ನೆನೆಸದೆ ಮಂಡಕ್ಕಿ ಇಲ್ಲ, ನೀರಿಲ್ಲದೆ ಭತ್ತ ನೆನೆಯುವುದಿಲ್ಲ.

ಅಲ್ಲಿನ ನೀರಿನ ವ್ಯವಸ್ಥೆಯ ಬಗ್ಗೆ ಅವನು ಸದನಕ್ಕೆ ಪ್ರಶ್ನೆ ಕಳಿಸಿದ. ಹಿಂದಿನ ಸಾಲಿನವನಿಗೆ ಸದನದಲ್ಲಿ ಬಾಯಿಬಿಟ್ಟು ಉತ್ತರ ಪಡೆಯುವ ಅವಕಾಶ ಸುಲಭಕ್ಕೆ ಸಿಗುವುದಿಲ್ಲ. ಯಾರ ಪ್ರಶ್ನೆ ಬರಬೇಕೆಂದು ಚೀಟಿ ಎತ್ತುತ್ತಾರೆ. ಆ ಸಲ ಅವನ ಅದೃಷ್ಟಕ್ಕೆ ಚೀಟಿ ಬಂತು.

ಸದನದ ಪದ್ಧತಿ ಹೀಗೆ. ಸದಸ್ಯ ಎದ್ದು ಪ್ರಶ್ನೆಯ ಸಂಖ್ಯೆ ಹೇಳುತ್ತಾನೆ. ಮಂತ್ರಿ ಎದ್ದು "ಉತ್ತರ ಒದಗಿಸಿದೆ" ಅನ್ನುತ್ತಾರೆ. ಅಷ್ಟಕ್ಕೇ ಮುಗಿದರೆ ಅದು ಬರೀ ಕಾಗದ. ಆಮೇಲೆ ಸದಸ್ಯ ಕೇಳುವ ಉಪಪ್ರಶ್ನೆಯಲ್ಲೇ ಇರುವುದು ಜೀವ. ಅದಕ್ಕೆ ಮಂತ್ರಿ ಅಲ್ಲೇ, ಎಲ್ಲರೆದುರು ಉತ್ತರ ಹೇಳಬೇಕು. ಒಮ್ಮೆ "ಮಾಡಿಸುತ್ತೇನೆ" ಅಂದುಬಿಟ್ಟರೆ ಅದು ಸರ್ಕಾರದ ಭರವಸೆ. ಮಾಡಿಸಿದರೋ ಇಲ್ಲವೋ ಎಂದು ನೋಡಲು ಒಂದು ಸಮಿತಿಯೇ ಇದೆ.

ಉತ್ತರದಲ್ಲಿ ಏನಿರುತ್ತದೆ ಎಂಬುದು ಕೊಟ್ರಬಸಪ್ಪನಿಗೆ ಮೊದಲೇ ಗೊತ್ತಿತ್ತು. 'ನಲ್ಲಿ ಸಂಪರ್ಕ ನೀಡಲಾಗಿದೆ' ಎಂದಿರುತ್ತದೆ. ಅದು ಸುಳ್ಳೂ ಅಲ್ಲ. ಅವನು ಕೇಳಬೇಕಿದ್ದುದು ಒಂದೇ ಮಾತು: ನಲ್ಲಿ ಇದೆ ಸರಿ, ನೀರು ಬರುತ್ತದೆಯೇ? ಆ ಮಾತನ್ನು ಅವನು ಯಾರಿಗೂ ಹೇಳಿರಲಿಲ್ಲ. ಇಷ್ಟು ವರ್ಷ ಹಿಂದೆ ಕೂತವನಿಗೆ ಒಮ್ಮೆಯಾದರೂ ಸದನವೆಲ್ಲ ತನ್ನ ಕಡೆ ತಿರುಗಿ ನೋಡಲಿ ಎಂಬ ಆಸೆ ಇತ್ತು. ಮನುಷ್ಯ ತಾನೆ.

ಅಷ್ಟರಲ್ಲಿ ಉಚ್ಚೆಂಗಮ್ಮನ ಫೋನ್ ಬಂತು. ಹೊಸ ಭಟ್ಟಿಯ ಪೂಜೆಗೆ ಒಳ್ಳೆಯ ದಿನ ಸಿಕ್ಕಿದೆ, ಶಾಸಕರೇ ಬಂದು ಮೊದಲ ಉರಿ ಹಚ್ಚಬೇಕು ಎಂದಳು. ಅದು ಅವನ ಪ್ರಶ್ನೆ ಸದನಕ್ಕೆ ಬರುವ ದಿನವೇ ಆಗಿತ್ತು. ಅವನು ವಿಷಯ ತಿಳಿಸಿದ. ನೀರಿನ ವ್ಯವಸ್ಥೆ ಆಗಿಲ್ಲ, ಅದನ್ನೇ ಕೇಳಬೇಕಾಗಿದೆ ಎಂದ. ಪೂಜೆಯ ದಿನ ನೀರು ಬಿಡುತ್ತೇವೆ ಎಂದು ಕೈಗಾರಿಕಾ ಪ್ರದೇಶದ ಇಂಜಿನಿಯರು ಅವಳಿಗೆ ಮಾತು ಕೊಟ್ಟಿದ್ದರು. ಹಾಗಾಗಿ ಇದೆಲ್ಲ ತಪ್ಪಿಸಿಕೊಳ್ಳಲು ಹೇಳುವ ನೆಪ ಎಂದು ಅವಳಿಗೆ ಅನ್ನಿಸಿತು.

"ಪ್ರಶ್ನೆ ಮಾರನೇ ದಿನ ಕೇಳ್ರಿ ಅಣ್ಣಾರೆ. ಮುಹೂರ್ತ ಮಾರನೇ ದಿನಕ್ಕೆ ನಿಲ್ಲಲ್ಲ. ನೀವು ಬರ್ತೀರಂತ ಊರಿಗೆಲ್ಲ ಹೇಳೀನಿ, ಬರದಿದ್ರೆ ಭಟ್ಟಿ ಸಾಲಿನಾಗೆ ನನ್ನ ಮರ್ಯಾದೆ ಹೋಗ್ತತೆ" ಅಂದಳು.

ಬರುವುದಿಲ್ಲ ಎಂದು ಅವನು ಹೇಳಬೇಕಿತ್ತು. ಹೇಳಲಿಲ್ಲ. ಚುನಾವಣೆ ಹತ್ತಿರವಿತ್ತು. ಹಿಂದಿನ ಸಲ ಯಾರದೋ ಗೃಹಪ್ರವೇಶಕ್ಕೆ ಹೋಗದೆ ಒಂದು ಬೀದಿಯನ್ನೇ ಎದುರು ಹಾಕಿಕೊಂಡಿದ್ದ. ಪಕ್ಕದ ಕುರ್ಚಿಯ ಕರಾವಳಿ ಶಾಸಕ ಜಯಕರ ಒಳ್ಳೆಯ ಸ್ನೇಹಿತ. ತನ್ನ ಪರವಾಗಿ ಪ್ರಶ್ನೆ ಕೇಳು ಎಂದು ಅವನಿಗೆ ಹೇಳಿ, ಬೆಳಗ್ಗೆಯೇ ಕಾರು ಹತ್ತಿದ.

ದಾರಿಯಲ್ಲಿ ತಿಂಡಿಗೆ ನಿಲ್ಲಿಸಿದಾಗ ಅವನಿಗೆ ಹೊಳೆಯಿತು. ಜಯಕರನಿಗೆ ಪ್ರಶ್ನೆಯ ಸಂಖ್ಯೆ ಹೇಳಿ ಬಂದಿದ್ದೇನೆ, ಉಪಪ್ರಶ್ನೆ ಹೇಳಲೇ ಇಲ್ಲ. ತಟ್ಟೆ ಹಾಗೇ ಬಿಟ್ಟು ಫೋನ್ ಮಾಡಿದ. ಜಯಕರ ಆಗಲೇ ಒಳಗೆ ಕೂತಿದ್ದ, ಅವನ ಫೋನ್ ಬಂದ್ ಆಗಿತ್ತು. ಮತ್ತೆ ಮತ್ತೆ ಮಾಡಿದ. ತಿರುಗಿ ಹೋಗಲು ಹೊತ್ತು ಮೀರಿತ್ತು.

ಹೊನ್ನಕೆರೆಯಲ್ಲಿ ಹೂವಿನ ಹಾರ, ಬ್ಯಾಂಡು, ಶಾಮಿಯಾನ. ಇಂಜಿನಿಯರು ಮಾತು ಉಳಿಸಿಕೊಂಡಿದ್ದರು. ಹಿಂದಿನ ಸಂಜೆಯೇ ಟ್ಯಾಂಕರಿನಲ್ಲಿ ನೀರು ತರಿಸಿ ದಿಬ್ಬದ ಟ್ಯಾಂಕು ತುಂಬಿಸಿದ್ದರು. ಮೊದಲು ನಲ್ಲಿ ತಿರುಗಿಸಿ ಎಂದು ಶಾಸಕನನ್ನೇ ಕರೆದರು. ಅವನು ತಿರುಗಿಸಿದ. ನೀರು ಧಾರಾಳವಾಗಿ ಬಂತು. ಜನ ಚಪ್ಪಾಳೆ ತಟ್ಟಿದರು, ಉಚ್ಚೆಂಗಮ್ಮನ ಕಣ್ಣು ತುಂಬಿ ಬಂತು. ಟ್ಯಾಂಕರಿನ ಚಕ್ರದ ಗುರುತು ಇನ್ನೂ ಹಸಿಯಾಗಿತ್ತು, ಕೊಟ್ರಬಸಪ್ಪ ಅದನ್ನು ನೋಡಿದ. ಆ ಗಳಿಗೆಯಲ್ಲಿ ಅದನ್ನು ಹೇಳಿ ಅವಳ ಮುಖ ಬಾಡಿಸಲು ಅವನಿಗೆ ಬಾಯಿ ಬರಲಿಲ್ಲ.

ಸದನದಲ್ಲಿ ಜಯಕರ ಎದ್ದು ಸಂಖ್ಯೆ ಹೇಳಿದ. ಉತ್ತರ ಒದಗಿಸಿದೆ, ನಲ್ಲಿ ಸಂಪರ್ಕ ನೀಡಲಾಗಿದೆ ಎಂದರು ಮಂತ್ರಿ. ಉಪಪ್ರಶ್ನೆ ಏನಾದರೂ ಇದೆಯೇ ಎಂದು ಸಭಾಧ್ಯಕ್ಷರು ಕೇಳಿದರು. ಜಯಕರನಿಗೆ ಮಂಡಕ್ಕಿ ತಿಂದು ಗೊತ್ತು, ಭಟ್ಟಿ ನೋಡಿ ಗೊತ್ತಿಲ್ಲ. ಇಲ್ಲ, ಧನ್ಯವಾದಗಳು ಎಂದು ಕೂತ. ಅವನನ್ನು ದೂರಿ ಪ್ರಯೋಜನವಿಲ್ಲ, ವಹಿಸಿದ್ದಷ್ಟನ್ನು ಅವನು ಮಾಡಿದ.

ಟ್ಯಾಂಕಿನ ನೀರು ಆ ವಾರವೇ ಮುಗಿಯಿತು. ಉಚ್ಚೆಂಗಮ್ಮ ಸ್ವಲ್ಪ ದಿನ ಸ್ವಂತ ಖರ್ಚಿನಲ್ಲಿ ಟ್ಯಾಂಕರು ತರಿಸಿದಳು. ಅದು ಗಿಟ್ಟಲಿಲ್ಲ, ಹಳೇ ಭಟ್ಟಿಗೆ ವಾಪಸ್ ಬಂದಳು. ಕೊಟ್ರಬಸಪ್ಪ ಮತ್ತೆ ಪ್ರಶ್ನೆ ಕಳಿಸಿದ. ಒಮ್ಮೆ ಉತ್ತರಿಸಿದ್ದನ್ನು ಅದೇ ಅಧಿವೇಶನದಲ್ಲಿ ಮತ್ತೆ ಕೇಳುವಂತಿಲ್ಲ ಎಂದು ಅದು ಹಿಂದಕ್ಕೆ ಬಂತು. ಮಂತ್ರಿಯ ಮನೆಗೇ ಹೋದ. ಮಂತ್ರಿ ಕೆಟ್ಟವರಲ್ಲ, ಕಾಫಿ ಕೊಟ್ಟರು. "ನೀರಿಲ್ಲ ಅಂತ ಸದನದಲ್ಲಿ ಒಂದು ಮಾತು ಕೇಳಿದ್ದರೆ ಆದೇಶವನ್ನು ಅಲ್ಲೇ ತಡೆಹಿಡಿಯುತ್ತಿದ್ದೆ. ಯಾರೂ ಕೇಳಲಿಲ್ಲವಲ್ಲ ಕೊಟ್ರಬಸಪ್ಪನವರೇ" ಎಂದರು. ಈಗ ಬೀಗ ಹಾಕುವ ಕಡತ ಅವರ ಕೈ ದಾಟಿ ಮುಂದಕ್ಕೆ ಹೋಗಿಬಿಟ್ಟಿತ್ತು.

ಯುಗಾದಿ ಬಂತು. ಹಳೇ ಭಟ್ಟಿಗಳಿಗೆ ಬೀಗ ಬಿತ್ತು. ಹೊಸ ಜಾಗಕ್ಕೆ ಹೋದವರು ಒಬ್ಬೊಬ್ಬರಾಗಿ ಕೈಚೆಲ್ಲಿದರು. ಭಟ್ಟಿಯ ಕೆಲಸ ಬಿಟ್ಟು ಬೇರೆ ಗೊತ್ತಿಲ್ಲದವರು ಬೇರೆ ಊರಿನ ಭಟ್ಟಿಗಳಿಗೆ ಕೂಲಿಗೆ ಹೋದರು. ಮುಂದಿನ ಅಧಿವೇಶನದಲ್ಲಿ ಕೊಟ್ರಬಸಪ್ಪ ಅದೇ ಪ್ರಶ್ನೆ ಕೇಳಿದ, ಉಪಪ್ರಶ್ನೆಯನ್ನೂ ಕೇಳಿದ. ನೀರು ಕೊಡಿಸುವುದಾಗಿ ಮಂತ್ರಿ ಭರವಸೆ ಕೊಟ್ಟರು, ಕೊಡಿಸಿಯೂ ಬಿಟ್ಟರು. ನೀರು ಬರುವ ಹೊತ್ತಿಗೆ ಅಲ್ಲಿ ಭತ್ತ ನೆನೆಸುವವರು ಯಾರೂ ಉಳಿದಿರಲಿಲ್ಲ.

ಒಂದು ದಿನ ಅವನು ಬಸ್ ಸ್ಟ್ಯಾಂಡಿನಲ್ಲಿ ಉಚ್ಚೆಂಗಮ್ಮನನ್ನು ಕಂಡ. ಬೇರೆ ಊರಿನಿಂದ ಬಂದ ಮಂಡಕ್ಕಿ ಚೀಲದ ಮುಂದೆ ಕೂತು ಸೇರಿನಲ್ಲಿ ಅಳೆದು ಮಾರುತ್ತಿದ್ದಳು. ತಪ್ಪಿಸಿಕೊಂಡು ಹೋಗಬಹುದಿತ್ತು. ಹೋಗದೆ ಎದುರು ಬಂದು ನಿಂತ.

"ಅಕ್ಕಾರೆ, ಅವತ್ತು ನಾನು ಪೂಜೆಗೆ ಬರಬಾರದಿತ್ತು" ಅಂದ.

ಅವಳಿಗೆ ಅಷ್ಟರಲ್ಲಿ ಎಲ್ಲ ತಿಳಿದಿತ್ತು. ಸೇರನ್ನು ಚೀಲದ ಮೇಲಿಟ್ಟಳು.

"ಬರದಿದ್ರೆ ನಾ ನಿಮ್ಮನ್ನ ಊರ ತುಂಬಾ ಬೈತಿದ್ದೆ. ಭಟ್ಟಿ ಉಳಿತಿತ್ತು, ಉಳಿಸಿದ್ದು ನೀವು ಅಂತ ನಂಗೆ ತಿಳಿತಾನೇ ಇರಲಿಲ್ಲ. ಭಟ್ಟಿ ಮುಂದೆ ಕುಂತ್ಕೊಂಡು, ಸಾಯೋತನಕ ನಿಮ್ಮನ್ನ ಬೈಕೊಂತಾನೇ ಇರ್ತಿದ್ದೆ."

"ಬೈಸ್ಕೋಬೇಕಿತ್ತು ಅಕ್ಕಾರೆ" ಅಂದ ಕೊಟ್ರಬಸಪ್ಪ. ಅವಳು ಸೇರನ್ನು ಎತ್ತಿಕೊಂಡು ಮುಂದಿನ ಗಿರಾಕಿಗೆ ಮಂಡಕ್ಕಿ ಅಳೆದಳು.

ನೀತಿ: ಜನರ ಪ್ರತಿನಿಧಿಯಾದವನು ಜನರ ಬೈಗುಳಕ್ಕೆ ಹೆದರಿ ಜನರ ಕೆಲಸವನ್ನು ಬಿಟ್ಟು ಬರಬಾರದು. ನಾವೂ ಅಷ್ಟೆ, ಅವನು ನಮ್ಮ ಬಾಗಿಲಿಗೆ ಬರಲಿಲ್ಲ ಎಂದು ಮುನಿಸಿಕೊಳ್ಳುವ ಮೊದಲು, ಆ ಹೊತ್ತಿನಲ್ಲಿ ಅವನು ನಮಗಾಗಿ ಎಲ್ಲಿ ಇರಬೇಕಿತ್ತು ಎಂದು ಕೇಳಿಕೊಳ್ಳಬೇಕು.